ಮಗನ ಪಕ್ಕದ ಕಲ್ಲು

ಮಗ ಲೈಲ್ ತೀರಿಕೊಂಡ ಮೇಲೆ ಬಂದ ಚಳಿಗಾಲದಲ್ಲಿ ಉಬೆನ್ ಮನೆಯವರು ಊಟದ ಮೇಜಿನಲ್ಲಿ ಊಟ ಮಾಡುವುದನ್ನು ಬಿಟ್ಟರು. ಮೇಜಿನ ತುಂಬ ಲವಾನ್‌ಳ ಕಾಗದ ಹಾಸಿತ್ತು. ಮಾಂಸದಂಗಡಿಯಲ್ಲಿ ಹಂದಿಮಾಂಸ ಸುತ್ತಿಕೊಡುವ ಕಂದು ಕಾಗದದ ಸುರುಳಿ ತಂದು, ಬಿಚ್ಚಿ, ಮೂಲೆಗಳಿಗೆ ಜಾಮಿನ ಬಾಟಲಿ ಇಟ್ಟು, ಅದರ ಮೇಲೆ ಅವಳು ಗಂಡನ ವಂಶವನ್ನು ಬರೆಯುತ್ತಿದ್ದಳು. ಮೇಲ್ತುದಿಯಲ್ಲಿ ಐಲರ್ಟ್ ಉಬೆನ್ ಮತ್ತು ಅವನ ಹೆಂಡತಿ ತ್ಯೋಡೆ. ಜರ್ಮನಿಯ ಉತ್ತರ ಕರಾವಳಿಯಿಂದ ಹಡಗು ಹತ್ತಿ ಬಂದು, ಅಯೋವಾದ ಈ ಹೊಲವನ್ನು ಮೊದಲು ಉತ್ತವನು ಈ ಐಲರ್ಟ್. ಲವಾನ್‌ಳ ಗಂಡ ಹಾರ್ಮ್‌ನ ಮುತ್ತಜ್ಜ.

ಮನೆಯಲ್ಲಿ ಉಳಿದವರು ನಾಲ್ಕೇ ಜನ. ಹಾರ್ಮ್ ಒಲೆಯ ಪಕ್ಕ ನಿಂತು ತಟ್ಟೆ ಕೈಯಲ್ಲಿ ಹಿಡಿದೇ ತಿನ್ನುತ್ತಿದ್ದ. ಅವನ ತಾಯಿ ಗೇಶೆಗೆ ಎಂಬತ್ತರ ಹತ್ತಿರ. ಅವಳು ಅಡುಗೆಮನೆಯ ಮೂಲೆಯ ಸಣ್ಣ ಕುರ್ಚಿಯಲ್ಲಿ ಕೂತು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದಳು. ಮಗಳು ರೆನೇ ನರ್ಸಿಂಗ್ ಕಲಿಯಲು ಪಕ್ಕದ ಊರಿಗೆ ಕಾರಿನಲ್ಲಿ ಹೋಗಿಬರುವವಳು. ಬಂದವಳೇ ಆಲೂಗಡ್ಡೆ ಹೆಚ್ಚಿ, ಬೇಯಿಸಿ, ಎಲ್ಲರಿಗೂ ಬಡಿಸಿ, ಕೊನೆಗೆ ಮೆಟ್ಟಿಲ ಮೇಲೆ ಕೂತು ತಾನು ತಿನ್ನುತ್ತಿದ್ದಳು.

"ಆ ಮೇಜು ನನ್ನ ಮದುವೇಲಿ ನಮ್ಮಪ್ಪ ಮಾಡಿಸಿಕೊಟ್ಟಿದ್ದು. ಉಣ್ಣೋದಕ್ಕೆ ಅಂತ," ಎಂದಳು ಗೇಶೆ ಒಂದು ಸಂಜೆ. "ಸತ್ತವರನ್ನ ಹರಡೋದಕ್ಕಲ್ಲ."

"ಸತ್ತವರು ನಿಮ್ಮವರೇ ಅಲ್ವಾ ಅತ್ತೆ? ನನ್ನೋರು ಯಾರೂ ಅದರಲ್ಲಿಲ್ಲ."

"ಹೂಂ, ನಮ್ಮವರೇ. ಅವರನ್ನ ಅವರ ಪಾಡಿಗೆ ಬಿಡು. ಕಾಫಿ ಕುಡಿಯೋ ಮನೆಯವಳಿಗೆ ನಮ್ಮ ಸುದ್ದಿ ಯಾಕೆ?"

ಇದು ಹಳೆಯ ಮಾತು. ಲವಾನ್ ನಾರ್ವೆಯವರ ಮಗಳು. ಅವಳ ತೌರಿನಲ್ಲಿ ಕಾಫಿ. ಉಬೆನ್ ಕಡೆಯವರ ಮನೆಗಳಲ್ಲಿ ದಿನಕ್ಕೆ ಮೂರು ಸಲ ಚಹಾ, ಬಟ್ಟಲ ತಳದಲ್ಲಿ ಕಲ್ಲುಸಕ್ಕರೆ, ಮೇಲೆ ಒಂದು ಚಮಚ ಕೆನೆ, ಕದಡಬಾರದು. ಸೊಸೆ ಬಂದ ಹೊಸದರಲ್ಲಿ ಕದಡಿದ್ದಳು. ಇಪ್ಪತ್ತೈದು ವರ್ಷವಾದರೂ ಅತ್ತೆ ಅದನ್ನು ಮರೆತಿರಲಿಲ್ಲ. ಮೊದಲಾದರೆ ಈ ಮಾತಿಗೆ ಲೈಲ್ ಜೋರಾಗಿ ನಗುತ್ತಿದ್ದ. ಈಗ ಯಾರೂ ನಗಲಿಲ್ಲ.

ಲವಾನ್ ಈ ಕೆಲಸ ಹಚ್ಚಿಕೊಂಡದ್ದು ವಂಶದ ಅಭಿಮಾನಕ್ಕಲ್ಲ. ಅಕ್ಟೋಬರಿನಲ್ಲಿ ಮಗನನ್ನು ಮಣ್ಣು ಮಾಡಿದ ಮೇಲೆ ಪ್ರತಿ ಭಾನುವಾರ ಪ್ರಾರ್ಥನೆ ಮುಗಿದೊಡನೆ ಅವಳು ಚರ್ಚಿನ ಹಿಂದಿನ ಸ್ಮಶಾನಕ್ಕೆ ಹೋಗುತ್ತಿದ್ದಳು. ಉಬೆನ್‌ರಿಗೆ ಮೀಸಲಾದ ಸಾಲಿನಲ್ಲಿ ಕೊನೆಯದು ಲೈಲ್‌ನ ಸಮಾಧಿ. ಕಲ್ಲು ಇನ್ನೂ ಹಾಕಿಸಿರಲಿಲ್ಲ. ಅದರ ಪಕ್ಕ, ಬೇಲಿಗೆ ಅಂಟಿಕೊಂಡಂತೆ, ಹೊಲದಿಂದ ಎತ್ತಿತಂದ ಒಂದು ಗುಂಡುಕಲ್ಲು ಅರ್ಧ ಹೂತುಕೊಂಡಿತ್ತು. ಹೆಸರಿಲ್ಲ, ಇಸವಿಯಿಲ್ಲ. ಆದರೆ ಹಾಗೇ ಬಿದ್ದ ಕಲ್ಲೂ ಅಲ್ಲ. ಯಾರೋ ತಂದು ನೆಟ್ಟದ್ದು.

"ಲೈಲ್ ಪಕ್ಕದಲ್ಲಿರೋದು ಯಾರು?" ಎಂದು ಅವಳು ಕೇಳಿದ್ದಳು.

"ಯಾವುದೋ ಹಳೇ ಕಾಲದ ಮಗು ಇರಬೇಕು," ಎಂದಿದ್ದ ಹಾರ್ಮ್.

"ಕಲ್ಲು ಅಂದ್ರೆ ಕಲ್ಲು," ಎಂದಿದ್ದಳು ಗೇಶೆ. "ಚಹಾ ಆರಿಹೋಗತ್ತೆ, ಕುಡಿ."

"ನನ್ನ ಮಗ ಯಾರ ಪಕ್ಕ ಮಲಗಿದಾನೆ ಅಂತ ನನಗೆ ಗೊತ್ತಾಗಬೇಕು ಅತ್ತೆ."

ಗೇಶೆ ತನ್ನ ಬಟ್ಟಲು ತೊಳೆಯಲು ಎದ್ದಿದ್ದಳು. ಅಂದಿನಿಂದ ಈ ಹುಡುಕಾಟ ಶುರುವಾಯಿತು.

ಆ ಮನೆಯಲ್ಲಿ ಯಾರೂ ಬಾಯಿ ಬಿಡದ ಮಾತು ಇನ್ನೊಂದಿತ್ತು. ಲೈಲ್ ಸತ್ತದ್ದು ಹೆದ್ದಾರಿಯಾಚೆಯ ಹಳೇ ಸುಣ್ಣಕಲ್ಲಿನ ಗಣಿಯಲ್ಲಿ ನಿಂತ ನೀರಿನಲ್ಲಿ. ಬೇಸಿಗೆಯಲ್ಲಿ ಊರಿನ ಹುಡುಗರೆಲ್ಲ ಅಲ್ಲಿ ಈಜುತ್ತಾರೆ. ಅವರಲ್ಲೆಲ್ಲ ಲೈಲನೇ ಮುಂದು. ಆದರೆ ಅದು ಅಕ್ಟೋಬರ್, ಬೆಳಗಿನ ಹೊತ್ತು, ಅವನೊಬ್ಬನೇ. ಅವನನ್ನು ಹುಡುಕಿ ಹೋಗಿ ನೋಡಿದವನು ಹಾರ್ಮ್. ಕಾಲು ಜಾರಿತು ಎಂದು ಅವನು ಹೇಳಿದ, ಶೆರಿಫ್ ಹಾಗೇ ಬರೆದುಕೊಂಡ, ಪಾದ್ರಿ ಹಾಗೇ ಪ್ರಾರ್ಥಿಸಿದ. ಊರವರು ತಲೆ ಆಡಿಸಿ, ಬಿಸಿಬಿಸಿ ಅಡುಗೆ ಮಾಡಿ ತಂದಿಟ್ಟು ಹೋದರು. ಹೋಗುವಾಗ ಒಬ್ಬರೂ ಲವಾನ್‌ಳ ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ.

ಲವಾನ್ ಜಿಲ್ಲಾ ಕಚೇರಿಯ ನೆಲಮಾಳಿಗೆಗೆ ಹೋಗಿ ಕೂತಳು. ಚರ್ಚಿನ ಹಳೆಯ ಪುಸ್ತಕವನ್ನು ಕೇಳಿ ಇಸಿದುಕೊಂಡಳು. ಅದರ ಹಳೇ ಜರ್ಮನ್ ಬರವಣಿಗೆ ಅವಳಿಗೆ ಸೊಳ್ಳೆ ಸಾಲಿನಂತೆ ಕಾಣುತ್ತಿತ್ತು. ನಿವೃತ್ತರಾದ ಪಾದ್ರಿ ಹೈಕೆನ್ ಭೂತಗನ್ನಡಿ ಹಿಡಿದು ಓದಿ ಹೇಳುತ್ತಿದ್ದರು, ಅವಳು ಬರೆದುಕೊಳ್ಳುತ್ತಿದ್ದಳು. ಐಲರ್ಟ್‌ಗೂ ತ್ಯೋಡೆಗೂ ಏಳು ಮಕ್ಕಳು. ಹಿರಿಯವಳು ಆಂಟ್ಯೆ. ಆಮೇಲೆ ಹಾರ್ಮ್‌ನ ಅಜ್ಜ ಓಕೆ. ಮೂರನೆಯವಳು ವೀಬ್ಕೆ. ಮಿಕ್ಕವರ ಮದುವೆ, ಸಾವು ಎಲ್ಲ ಸಿಕ್ಕಿದವು. ವೀಬ್ಕೆ ಹುಟ್ಟಿದ್ದಿದೆ, ಹದಿನಾಲ್ಕಕ್ಕೆ ಚರ್ಚಿನ ಸಭೆಗೆ ಸೇರಿದ್ದಿದೆ, ಆ ವರ್ಷದ ಜನಗಣತಿಯಲ್ಲೂ ಅವಳ ಹೆಸರಿದೆ. ಆಮೇಲೆ ಎಲ್ಲೂ ಇಲ್ಲ.

"ಮದುವೆಯಾಗಿ ಎಲ್ಲಾದ್ರೂ ಹೋದಳೇನೋ," ಎಂದರು ಪಾದ್ರಿ.

"ಮದುವೆ ಆಗಿದ್ರೆ ಬರೀತಿದ್ರಲ್ಲ ಪಾಸ್ಟರ್? ಹಸು ಕರು ಹಾಕಿದ್ದೊಂದು ಬಿಟ್ಟು ಎಲ್ಲಾ ಬರೆದಿದಾರೆ ಇವರು."

ಪಾದ್ರಿ ಭೂತಗನ್ನಡಿಯನ್ನು ಕೆಳಗಿಟ್ಟು ಕಣ್ಣೊರೆಸಿಕೊಂಡರು. "ಇದನ್ನ ನನ್ನನ್ನ ಕೇಳಬೇಡ. ಅಲ್ಮುತ್ ಇನ್ನೂ ಇದಾಳಲ್ಲ, ಆಂಟ್ಯೆ ಮಗಳು. ವೃದ್ಧರ ಮನೆಯಲ್ಲಿ. ಬೇಕಾದ್ರೆ ಅವಳನ್ನ ಕೇಳು. ಆದ್ರೆ ಲವಾನ್, ನಿನಗೆ ಈಗ ಇದು ಬೇಕಾ?"

ಹೊಸವರ್ಷಕ್ಕೆ ಮಾಡುವ ತೆಳು ದೋಸೆಯಂಥ ಸಿಹಿಯನ್ನು ಆ ವರ್ಷ ಮಾಡಲಿಲ್ಲ. ಗೇಶೆ ಕಬ್ಬಿಣದ ಅಚ್ಚನ್ನು ಅಟ್ಟದಿಂದ ಇಳಿಸಿ, ಉಜ್ಜಿ, ಎಣ್ಣೆ ಸವರಿ ಒಲೆಯ ಮೇಲಿಟ್ಟಳು. ಅದು ಭಾರ. ಹಿಡಿಯುವುದು ಯಾವಾಗಲೂ ಲೈಲ್‌ನ ಕೆಲಸವಾಗಿತ್ತು. ಅವನು ಅಚ್ಚು ತೆಗೆದ ತಕ್ಷಣ ಅಜ್ಜಿ ಬಿಸಿಯಲ್ಲೇ ಸುರುಳಿ ಸುತ್ತುತ್ತಿದ್ದಳು. ಮುದುಕಿ ಒಂದು ಸಲ ಎತ್ತಲು ನೋಡಿದಳು, ಆಗಲಿಲ್ಲ. ಯಾರನ್ನೂ ಕರೆಯದೆ ಒಲೆ ಆರಿಸಿದಳು. ಕಲಸಿದ ಹಿಟ್ಟನ್ನು ಹಾರ್ಮ್ ಹಂದಿಗಳಿಗೆ ಹಾಕಿದ.

ಫೆಬ್ರವರಿಯಲ್ಲಿ ಜಗಳ ಬಂತು.

ರೆನೇ ಅವತ್ತು ಕಾಲೇಜಿನಿಂದ ತಡವಾಗಿ ಬಂದಳು. ಸಿಂಕಿನಲ್ಲಿ ಬೆಳಗಿನ ಪಾತ್ರೆ ಹಾಗೇ ಇದ್ದವು. ಒಲೆ ತಣ್ಣಗಿತ್ತು. ಲವಾನ್ ಮೇಜಿನ ಮೇಲೆ ಬಾಗಿ ಏನನ್ನೋ ಅಳಿಸುತ್ತಿದ್ದಳು.

"ಬಂದ್ಯಾ? ನೋಡು, ಓಕೆಯ ತಮ್ಮ ಹುಟ್ಟಿದ ತಾರೀಕು ನಾನು ತಪ್ಪು ಬರೆದುಬಿಟ್ಟಿದ್ದೆ," ಎಂದಳು ತಲೆ ಎತ್ತದೆ.

"ಅಮ್ಮ, ಆ ಏಳೂ ಜನ ಹುಟ್ಟಿದ ದಿನ ನಿನಗೆ ಬಾಯಿಪಾಠ ಅಲ್ವಾ?"

"ಹೂಂ, ಈಗ ಬರುತ್ತೆ."

"ನಂದು ಯಾವಾಗ?"

ಲವಾನ್‌ಳ ಕೈ ನಿಂತಿತು.

"ಹೋದ ಮಂಗಳವಾರ," ಎಂದಳು ರೆನೇ. "ಇಪ್ಪತ್ತು ತುಂಬಿತು. ಅವತ್ತು ನಾನೇ ಅಡುಗೆ ಮಾಡಿದೆ, ನಾನೇ ಪಾತ್ರೆ ತೊಳೆದೆ. ನೀನು ಐಲರ್ಟ್ ಯಾವ ಹಡಗಲ್ಲಿ ಬಂದ ಅಂತ ಅಪ್ಪನಿಗೆ ಹೇಳ್ತಾ ಇದ್ದೆ. ಕೇಕ್ ಬೇಡಮ್ಮ. ಒಂದು ಮಾತು ಸಾಕಿತ್ತು."

"ರೆನೇ, ನಾನು..."

"ನಾನಿನ್ನೂ ಸತ್ತಿಲ್ಲ. ಅದಕ್ಕೇ ನಿನ್ನ ಕಾಗದದಲ್ಲಿ ನನಗೆ ಜಾಗ ಇಲ್ಲ."

"ಬಾಯಿ ಮುಚ್ಚೇ!" ಎಂದ ಹಾರ್ಮ್, ಬಾಗಿಲಲ್ಲಿ ಬೂಟು ಕಳಚುತ್ತ. "ಅಮ್ಮನ ಹತ್ರ ಹೀಗಾ ಮಾತಾಡೋದು?"

"ನೀನಾದ್ರೂ ನೆನಪಿಟ್ಟುಕೊಂಡಿದ್ಯಾ ಅಪ್ಪ?"

ಹಾರ್ಮ್ ಒಂದು ಬೂಟು ಕೈಯಲ್ಲಿ ಹಿಡಿದು ಹಾಗೇ ನಿಂತ. ಮೂಲೆಯ ಕುರ್ಚಿಯಿಂದ ಗೇಶೆ ಎದ್ದಳು. ತನ್ನ ಕೋಣೆಗೆ ಹೋಗಿ, ತಾನು ಹೆಣೆದಿದ್ದ ನೀಲಿ ಕೈಗವಸು ತಂದು ಮೊಮ್ಮಗಳ ಕೈಗೆ ಕೊಟ್ಟಳು. "ಮಂಗಳವಾರವೇ ಮುಗಿದಿತ್ತು," ಎಂದಳು. "ಎಲ್ಲರೂ ಮರೆತಿರೋವಾಗ ನಾನೊಬ್ಬಳೇ ಕೊಟ್ರೆ ನಿನಗೆ ಇನ್ನೂ ಬೇಜಾರಾಗತ್ತೆ ಅಂತ ಸುಮ್ಮನಾದೆ."

ರೆನೇ ಅಳುತ್ತ ಮಾಳಿಗೆ ಹತ್ತಿದಳು. ಲವಾನ್ ಅವತ್ತು ಎಲ್ಲ ಪಾತ್ರೆಗಳನ್ನೂ ತೊಳೆದಳು. ಮರುದಿನ ಕೇಕ್ ಮಾಡಿದಳು. ಅದು ನಡುವೆ ಕುಸಿದಿತ್ತು. ರೆನೇ ಎರಡು ತುಂಡು ತಿಂದು, "ಶನಿವಾರ ನನಗೆ ರಜ," ಎಂದಳು. "ನಿನಗೆ ಆ ಅಲ್ಮುತ್ ಅಜ್ಜೀನ ನೋಡಬೇಕಲ್ವಾ? ನಾನೇ ಕರ್ಕೊಂಡು ಹೋಗ್ತೀನಿ. ನೋಡಿ ಮುಗಿಸಿಬಿಡೋಣ."

ವೃದ್ಧರ ಮನೆಯಲ್ಲಿ ಅಲ್ಮುತ್ ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿ ಕೂತಿದ್ದಳು. ತೊಂಬತ್ತು ದಾಟಿದ ಮುದುಕಿ, ಕಿವಿ ಮಂದ. ಲವಾನ್ ಜೋರಾಗಿ ತನ್ನ ಪರಿಚಯ ಹೇಳಿದಳು.

"ಗೊತ್ತು ಬಿಡೇ, ಗೇಶೆ ಸೊಸೆ. ಚಹಾ ಕದಡಿದವಳು," ಎಂದಳು ಅಲ್ಮುತ್. ರೆನೇಗೆ ನಗು ತಡೆಯಲಾಗಲಿಲ್ಲ. ಉಬೆನ್ ಮನೆಯವರು ನಕ್ಕು ಎಷ್ಟೋ ದಿನವಾಗಿತ್ತು.

"ವೀಬ್ಕೆ ಅಂತ ನಿಮಗೊಬ್ಬಳು ಚಿಕ್ಕಮ್ಮ ಇದ್ದಳಾ?" ಎಂದು ಕೇಳಿದಳು ಲವಾನ್.

ಮುದುಕಿ ಗಾಲಿಕುರ್ಚಿಯನ್ನು ಅವರ ಕಡೆ ತಿರುಗಿಸಿದಳು. "ನನಗೆ ಆಗ ಐದೋ ಆರೋ ವರ್ಷ. ಅವಳನ್ನ ಅಡುಗೆಮನೆ ಮೇಜಿನ ಮೇಲೆ ಮಲಗಿಸಿದ್ರು. ಅವಳದು ಉದ್ದ ಜಡೆ. ಎರಡೂ ಜಡೆ ಮೇಜಿನಿಂದ ಕೆಳಗೆ ಇಳಿಬಿದ್ದು ನೀರು ತೊಟ್ಟಿಕ್ಕತಾ ಇತ್ತು. ನಮ್ಮಜ್ಜಿ ತ್ಯೋಡೆ ಹಾಲಿನ ಪಾತ್ರೆ ತಂದು ಅದರ ಕೆಳಗಿಟ್ಟಳು. ನೆಲ ಒದ್ದೆ ಆಗಬಾರದು ಅಂತ. ಅದೊಂದು ನನಗೆ ಚೆನ್ನಾಗಿ ನೆನಪಿದೆ. ಮಗಳು ಸತ್ತು ಬಿದ್ದಿದಾಳೆ, ಇವಳು ಪಾತ್ರೆ ಇಡ್ತಾ ಇದಾಳೆ."

"ನೀರಿಗೆ ಬಿದ್ದಿದ್ದಳಾ?"

"ಬೀಳೋದಕ್ಕೆ ಅವಳೇನು ಮಗುವಾ? ತಾನೇ ಹೋಗಿದ್ದಳು. ಕೂಲಿಗೆ ಬರ್ತಿದ್ದ ಒಬ್ಬ ಬೊಹೀಮಿಯ ದೇಶದ ಹುಡುಗನ್ನ ಇಷ್ಟಪಟ್ಟಿದ್ದಳು. ಅಜ್ಜ ಅವನನ್ನ ಓಡಿಸಿದ. ಅದೇ ಕಾರಣವೋ ಇನ್ನೇನೋ, ಯಾರಿಗೆ ಗೊತ್ತು? ಅವಳು ಮೊದಲೇ ಸುಮ್ಮನೆ ಕೂತಿರೋಳು ಅಂತ ಅಮ್ಮ ಹೇಳ್ತಿದ್ದಳು. ಪಾದ್ರಿ ಗಂಟೆ ಬಾರಿಸಲ್ಲ ಅಂದ. ಪುಸ್ತಕದಲ್ಲಿ ಬರೆಯಲ್ಲ ಅಂದ. ಬೇಲಿ ಆಚೆ ಹೂಳಿ ಅಂದ. ಯಾಕೆ ಗಂಟೆ ಹೊಡೀಲಿಲ್ಲ ಅಂತ ನಾನು ಕೇಳಿದ್ದಕ್ಕೆ ಅಮ್ಮ ನನ್ನ ಕೆನ್ನೆಗೆ ಹೊಡೆದಳು. ಆಮೇಲೆ ನಾನು ಯಾರನ್ನೂ ಕೇಳಲಿಲ್ಲ."

"ಈಗ ಆ ಕಲ್ಲು ಬೇಲಿ ಒಳಗಿದೆಯಲ್ಲ?"

"ಓ, ಅದಾ?" ಮುದುಕಿಯ ಬೊಚ್ಚುಬಾಯಿ ಅರಳಿತು. "ಅಜ್ಜ ಪ್ರತಿ ವರ್ಷ ಬೇಲಿ ರಿಪೇರಿ ಮಾಡ್ತೀನಿ ಅಂತ ಹೋಗ್ತಿದ್ದ. ಹೋದಾಗೆಲ್ಲ ಕಂಬ ಒಂದು ಗೇಣು ಆಚೆ ಹಾಕ್ತಿದ್ದ."

ಹಿಂತಿರುಗುವಾಗ ರಸ್ತೆಯ ಎರಡೂ ಕಡೆ ಹಿಮ ಕರಗಿ ಹೊಲಗಳು ಕಪ್ಪಗೆ ಕಾಣುತ್ತಿದ್ದವು.

"ಅಮ್ಮ," ಎಂದಳು ರೆನೇ, "ಲೈಲ್ ಕೂಡ..."

"ರಸ್ತೆ ನೋಡಿ ಓಡಿಸು."

"ಬೇಸಿಗೆಯಲ್ಲೇ ಅವನು ನನ್ನ ಹತ್ರ ಹೇಳಿದ್ದ, ನಿದ್ದೆ ಬರಲ್ಲ, ಯಾವುದೂ ಬೇಡ ಅನ್ಸುತ್ತೆ ಅಂತ. ಡಾಕ್ಟರ ಹತ್ರ ಹೋಗೋಣ ಅಂದೆ. ಅಪ್ಪನಿಗೆ ಹೇಳಬೇಡ ಅಂದ. ನಾನು ಹೇಳಲಿಲ್ಲ ಅಮ್ಮ."

ಲವಾನ್ ಮಗಳ ಕಡೆ ತಿರುಗಿ ನೋಡಿದಳು. ಆ ಹುಡುಗಿ ಈ ಮಾತನ್ನು ಅಕ್ಟೋಬರಿನಿಂದ ಒಬ್ಬಳೇ ಹೊತ್ತುಕೊಂಡು ಎಲ್ಲರಿಗೂ ಆಲೂಗಡ್ಡೆ ಬೇಯಿಸುತ್ತಿದ್ದಳು. "ಕಾರು ನಿಲ್ಲಿಸು," ಎಂದಳು. ರಸ್ತೆಯ ಬದಿಗೆ ಕಾರು ನಿಂತ ಮೇಲೆ ಮಗಳ ತಲೆಯನ್ನು ಹೆಗಲಿಗೆ ಒತ್ತಿ ಹಿಡಿದುಕೊಂಡು ಕೂತಳು.

ಅವತ್ತು ಸಂಜೆ ಅವಳು ಕಾಗದ ಸುತ್ತಿಟ್ಟು ಮೇಜನ್ನು ಒರೆಸಿದಳು. ಚಹಾ ಮಾಡಿ, ಎಲ್ಲರನ್ನೂ ಕರೆದು ಕೂರಿಸಿ ಬಟ್ಟಲಿಟ್ಟಳು.

"ವೀಬ್ಕೆ ವಿಷಯ ನಿಮಗೆ ಗೊತ್ತಿತ್ತು," ಎಂದಳು ಅತ್ತೆಗೆ.

ಗೇಶೆ ಬಟ್ಟಲಿಗೆ ಕೆನೆ ಹಾಕಿಕೊಂಡಳು. "ಗೊತ್ತಿತ್ತು. ನಾನು ಈ ಮನೆಗೆ ಬಂದಾಗ ತ್ಯೋಡೆ ಇನ್ನೂ ಇದ್ದಳು. ಹಾಸಿಗೆ ಹಿಡಿದಿದ್ದಳು, ಬುದ್ಧಿ ಮಸುಕಾಗಿತ್ತು. ಅವಳನ್ನ ನೋಡಿಕೊಳ್ಳೋದು ಹೊಸ ಸೊಸೆ ಕೆಲಸ. ಕತ್ತಲಾದ್ರೆ ಸಾಕು, 'ವೀಬ್ಕೆ ಬಂದಳಾ?' ಅಂತ ಕೇಳೋಳು. 'ಬರ್ತಾ ಇದಾಳೆ ಅನ್ನು' ಅಂತ ನನ್ನ ಮಾವ ಹೇಳಿಕೊಟ್ಟಿದ್ರು. ನಾನು ಹಾಗೇ ಅಂತಿದ್ದೆ. ಅವಳು ಸಾಯೋ ದಿನದವರೆಗೂ ಅಂದೆ. ಅವಳು ಬಾಗಿಲು ನೋಡ್ತಾ ನೋಡ್ತಾನೇ ಸತ್ತಳು."

"ಮತ್ತೆ ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಮುಂದಿನದನ್ನ ಕೇಳ್ತಿದ್ದೆ."

"ಕೇಳ್ತೀನಿ. ನನ್ನ ಮಗ ಕಾಲು ಜಾರಿ ಬಿದ್ನಾ ಅತ್ತೆ?"

"ಸಾಕು!" ಹಾರ್ಮ್ ಮೇಜನ್ನು ಗುದ್ದಿದ. ಬಟ್ಟಲುಗಳು ಕುಣಿದವು. "ಜಾರಿ ಬಿದ್ದ ಅಂತ ಹೇಳಿದೀನಲ್ಲ? ಶೆರಿಫ್ ಬರೆದಿದಾನೆ. ಇನ್ನೆಷ್ಟು ಸಲ ಹೇಳಬೇಕು?"

"ನಾನು ಅತ್ತೇನ ಕೇಳಿದೆ."

ಗೇಶೆ ಮಗನ ಕಡೆ ನೋಡಿದಳು, ಸೊಸೆಯ ಕಡೆ ನೋಡಿದಳು. "ಒಬ್ಬಳು ತಾಯಿಗೆ ಸುಳ್ಳು ಹೇಳಿ ಹೇಳಿ ಸಾಕಾಗಿದೆ ನನಗೆ," ಎಂದಳು. "ಇನ್ನೊಬ್ಬಳಿಗೆ ಹೇಳೋ ಶಕ್ತಿ ಇಲ್ಲ. ಅವನು ಜಾರಲಿಲ್ಲ ಲವಾನ್. ನಿನಗೂ ಗೊತ್ತು. ಹಾರ್ಮ್‌ಗೂ ಗೊತ್ತು."

ಹಾರ್ಮ್ ಎದ್ದು ಹೋದ. ಬಾಗಿಲು ಬಡಿದುಕೊಂಡಿತು. ಸ್ವಲ್ಪ ಹೊತ್ತಿನ ಮೇಲೆ ರೆನೇ ಎದ್ದು ಅಪ್ಪನ ಪಾಲಿನ ಹಂದಿಮಾಂಸ, ಕೋಸು ತಟ್ಟೆಗೆ ಹಾಕಿ, ಮುಚ್ಚಿ, ಕೊಟ್ಟಿಗೆಯಲ್ಲಿದ್ದ ಅವನಿಗೆ ಕೊಟ್ಟುಬಂದಳು.

ವಾರ ಕಳೆದರೂ ಹಾರ್ಮ್ ಹೆಂಡತಿಯ ಜೊತೆ ಮಾತಾಡಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಹೋಗುವುದು, ಎಲ್ಲರೂ ಉಂಡ ಮೇಲೆ ಬರುವುದು. ಲವಾನ್ ಮತ್ತೆ ಅಡುಗೆ ಹಿಡಿದಳು. ಮಗಳ ಬಟ್ಟೆ ಇಸ್ತ್ರಿ ಮಾಡಿದಳು. ಕಂದು ಕಾಗದವನ್ನು ಒಂದೇ ಸಲ ಬಿಚ್ಚಿ, ವೀಬ್ಕೆಯ ಹೆಸರಿನ ಮುಂದೆ ಅವಳು ಸತ್ತ ವರ್ಷ ಬರೆದು, ಮತ್ತೆ ಸುತ್ತಿ ಅಟ್ಟಕ್ಕೆ ಹಾಕಿದಳು.

ಏಪ್ರಿಲ್‌ನಲ್ಲಿ ಸ್ಮಶಾನ ಸಮಿತಿಯ ಸಭೆ ಇತ್ತು. ಗುಂಡುಕಲ್ಲಿನ ಜಾಗದಲ್ಲಿ ಹೆಸರಿನ ಕಲ್ಲು ಹಾಕಲು ಲವಾನ್ ಅನುಮತಿ ಕೇಳಿದ್ದಳು. ಒಬ್ಬಳೇ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಸಮಿತಿಯ ಹಿರಿಯನೊಬ್ಬ ಗಂಟಲು ಸರಿಮಾಡಿಕೊಂಡು, "ಯಾವ ಕಾಲದ್ದೋ ಏನೋ. ಈಗ ಯಾಕಮ್ಮ ಕೆದಕೋದು? ಹಿಂದಿನವರು ಏನೋ ಯೋಚನೆ ಮಾಡೇ ಹಾಗೆ ಬಿಟ್ಟಿದ್ದು," ಎಂದ.

"ಅವಳು ನಮ್ಮ ಮನೆ ಹುಡುಗಿ."

ಎಲ್ಲರೂ ತಿರುಗಿದರು. ಹಾರ್ಮ್ ಬಾಗಿಲಲ್ಲಿ ನಿಂತಿದ್ದ. ಕೆಲಸದ ಬಟ್ಟೆಯಲ್ಲೇ ಬಂದಿದ್ದ, ಟೋಪಿ ಕೈಯಲ್ಲಿತ್ತು.

"ಜಾಗ ನನ್ನ ಹೆಸರಲ್ಲಿದೆ," ಎಂದ. "ಇನ್ನು ನಿಮಗೆ ಬಿಟ್ಟಿದ್ದು." ಅಷ್ಟು ಹೇಳಿ ಹೊರಗೆ ಹೋಗಿ ಪಿಕಪ್ಪಿನಲ್ಲಿ ಕೂತ. ಯಾರೂ ಬೇಡ ಅನ್ನಲಿಲ್ಲ.

ಮೇ ತಿಂಗಳಲ್ಲಿ ಎರಡೂ ಕಲ್ಲುಗಳನ್ನು ಒಂದೇ ದಿನ ನಿಲ್ಲಿಸಿದರು. ಕೆಸರಿನಲ್ಲಿ ನಡೆಯಲಾಗದೆ ಗೇಶೆ ಕಾರಿನಲ್ಲೇ ಉಳಿದಳು. ಕಿಟಕಿಯ ಗಾಜು ಇಳಿಸಿ, "ಸರಿಯಾಗಿ ಬರೆದಿದಾರಾ? ಓದೇ," ಎಂದು ಕೂಗಿದಳು. ರೆನೇ ಜೋರಾಗಿ ಓದಿದಳು, ಮೊದಲು ವೀಬ್ಕೆಯದು, ಆಮೇಲೆ ಅಣ್ಣನದು. ಎರಡನೆಯದನ್ನು ನಡುವೆ ನಿಲ್ಲಿಸಿ, ಮತ್ತೆ ಮೊದಲಿನಿಂದ ಪೂರ್ತಿ ಓದಿದಳು. ಆಮೇಲೆ ಅಜ್ಜಿಯನ್ನು ಮನೆಗೆ ಕರೆದುಕೊಂಡು ಹೋದಳು.

ಹಾರ್ಮ್ ಮತ್ತು ಲವಾನ್ ಪಿಕಪ್ಪು ಹತ್ತಿದರು. ಮನೆಯ ಕಡೆ ತಿರುಗಬೇಕಾದಲ್ಲಿ ಹಾರ್ಮ್ ತಿರುಗಲಿಲ್ಲ. ಹೆದ್ದಾರಿ ದಾಟಿ ಮಣ್ಣುರಸ್ತೆಗೆ ಇಳಿದಾಗ ಲವಾನ್‌ಗೆ ಎಲ್ಲಿಗೆಂದು ಗೊತ್ತಾಯಿತು. ಅವಳು ಆ ಕಡೆ ಅಕ್ಟೋಬರಿನಿಂದ ಒಮ್ಮೆಯೂ ಹೋಗಿರಲಿಲ್ಲ. ಬೇಡ ಅನ್ನಬೇಕೆನಿಸಿತು, ಅನ್ನಲಿಲ್ಲ.

ಗಣಿಯ ಅಂಚಿನಲ್ಲಿ ಅವನು ಎಂಜಿನ್ ಆರಿಸಿದ. ಕೆಳಗೆ ನೀರು ಹಸಿರಾಗಿ ನಿಂತಿತ್ತು.

"ಆ ಚಪ್ಪಟೆ ಬಂಡೆ ಮೇಲೆ ಬೂಟು ಬಿಚ್ಚಿಟ್ಟಿದ್ದ," ಎಂದ ಹಾರ್ಮ್, ಮುಂದಿನ ಗಾಜನ್ನೇ ನೋಡುತ್ತ. "ಎರಡೂ ಜೋಡಿಸಿಟ್ಟಿದ್ದ. ಶೆರಿಫ್ ಬರೋ ಮೊದಲು ನಾನು ತೆಗೆದು ಗಾಡಿ ಒಳಗೆ ಹಾಕಿಕೊಂಡೆ. ನಿನಗೆ ಗೊತ್ತಾಗಬಾರದು ಅಂತ."

"ಬೆಳಿಗ್ಗೆ ಏನಾದ್ರೂ ಅಂದಿದ್ನಾ?"

"ಸುಸ್ತಾಗಿದೆ ಅಪ್ಪ ಅಂದ. ಹಂದಿಗೆ ಮೇವು ಹಾಕಿ ಬಾ, ಸುಸ್ತೆಲ್ಲ ಹೋಗುತ್ತೆ ಅಂದೆ. ಹಾಕಿದ. ಎಲ್ಲಕ್ಕೂ ಹಾಕಿ, ನೀರು ತುಂಬಿಸಿ, ಗೇಟು ಹಾಕಿಕೊಂಡು ಹೋಗಿದ್ದ."

ಲವಾನ್ ತಿರುಗಿ ಕೆಳಗಿನ ನೀರನ್ನು ನೋಡಿದಳು. ಆಮೇಲೆ, ಚಳಿಗಾಲದುದ್ದಕ್ಕೂ ಯಾರನ್ನು ಕೇಳಬೇಕೆಂದು ತಿಳಿಯದೆ ಇಟ್ಟುಕೊಂಡಿದ್ದ ಒಂದೇ ಪ್ರಶ್ನೆಯನ್ನು ಕೇಳಿದಳು.

"ಅವತ್ತು ನೀರು ತುಂಬಾ ತಣ್ಣಗಿತ್ತಾ ಹಾರ್ಮ್?"

ಅವನು ಸ್ಟಿಯರಿಂಗ್ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ತಣ್ಣಗಿತ್ತು," ಎಂದ. "ತುಂಬಾ ತಣ್ಣಗಿತ್ತು."

ಅವಳು ತಲೆಯಾಡಿಸಿದಳು. ಸೀಟಿನ ಮೇಲೆ ಅವನ ಹತ್ತಿರಕ್ಕೆ ಸರಿದು ಕೂತಳು. ಹಂದಿಗಳಿಗೆ ಮೇವು ಹಾಕುವ ಹೊತ್ತಾಯಿತು, ಮೀರಿತು. ಇಬ್ಬರೂ ಅಲ್ಲಿಂದ ಹೊರಡಲಿಲ್ಲ.